ಹಿಗಕಿ: ಜಾಡಿಯ ಹೆಗಲ ಮೇಲೊಂದು ಬೇಲಿ

ಜಪಾನಿನ ಹಳೆಯ ಜಾಡಿಗಳ ವಿವರಣೆಯಲ್ಲಿ ‘ಹಿಗಕಿ-ಮೊನ್’ ಎಂಬ ಹೆಸರು ಆಗಾಗ ಬರುತ್ತದೆ. ‘ಹಿ’ ಎಂದರೆ ಹಿನೊಕಿ, ಜಪಾನಿನ ಸೈಪ್ರಸ್ ಮರ. ‘ಕಕಿ’ ಎಂದರೆ ಬೇಲಿ. ಎರಡೂ ಕೂಡಿದಾಗ ಕಕಾರ ಗಕಾರವಾಗುತ್ತದೆ. ಮಳೆಯೂ ಕಾಲವೂ ಸೇರಿ ಮಳೆಗಾಲವಾಗುವುದನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನನಗೆ ಈ ಪದ ಹತ್ತಿರವಾದದ್ದೇ ಹೀಗೆ. ಸೈಪ್ರಸ್ಸಿನ ತೆಳು ಸೀಳುಗಳನ್ನು ಓರೆಯಾಗಿ ಹೆಣೆದ ತಡಿಕೆಯೇ ಹಿಗಕಿ. ‘ಮೊನ್’ ಎಂದರೆ ಚಿತ್ತಾರ.

ಕ್ಯೋಟೊದ ಆಗ್ನೇಯಕ್ಕಿರುವ ಶಿಗರಕಿಯಲ್ಲಿ 14-15ನೇ ಶತಮಾನಗಳಲ್ಲಿ ಮಾಡಿದ ಜಾಡಿಗಳ ಮೇಲೆ ಇದು ಎದ್ದು ಕಾಣುತ್ತದೆ. ರೈತರು ಬಿತ್ತನೆ ಬೀಜ, ಕಾಳು, ನೀರು ತುಂಬಿಡುತ್ತಿದ್ದ ಜಾಡಿಗಳವು. ಕತ್ತಿನ ಕೆಳಗೆ, ಹೆಗಲಿನ ಸುತ್ತ ಎರಡು ಗೆರೆ; ಅವುಗಳ ನಡುವೆ ಗುಣಾಕಾರ ಚಿಹ್ನೆಯಂತೆ ಒಂದನ್ನೊಂದು ಕತ್ತರಿಸುವ ಓರೆ ಗೀರುಗಳು. ಅಷ್ಟೇ ಚಿತ್ತಾರ. ಮಣ್ಣು ಹಸಿಯಾಗಿದ್ದಾಗಲೇ ಚೂಪಾದ ಕಡ್ಡಿಯಂಥದ್ದರಿಂದ ಗೀರಿದ್ದು. ಹತ್ತಿರದಿಂದ ನೋಡಿದರೆ ಒಂದು ಗೀರು ಇನ್ನೊಂದರಂತಿಲ್ಲ: ಒಂದು ಮೇಲಿನ ಗೆರೆಯನ್ನು ದಾಟಿ ಹೋಗಿದೆ, ಇನ್ನೊಂದು ಗೆರೆ ಮುಟ್ಟುವ ಮೊದಲೇ ನಿಂತಿದೆ. ಅಳತೆಗೋಲು ಹಿಡಿದವರ ಕೆಲಸವಲ್ಲ ಇದು, ಕೈ ಪಳಗಿದವರ ಕೆಲಸ. ನನ್ನ ಕಣ್ಣಿಗೆ ಇದರ ಚೆಲುವೆಲ್ಲ ಆ ವೇಗದಲ್ಲಿದೆ.

ಶಿಗರಕಿಯ ಮಣ್ಣು ಒರಟು. ಅದರಲ್ಲಿ ಫೆಲ್ಡ್‌ಸ್ಪಾರ್ ಹರಳುಗಳಿವೆ; ಸುಟ್ಟಾಗ ಅವು ಅಕ್ಕಿನುಚ್ಚು ಅಂಟಿಸಿದಂತೆ ಬೆಳ್ಳಗೆ ಮೇಲೇಳುತ್ತವೆ. ಸುಮಾರು 1200 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಬೆಂದ ಮಣ್ಣು ಕಲ್ಲಿನಂತೆ ಗಟ್ಟಿಯಾಗುತ್ತದೆ. ಅದಕ್ಕೇ ಇದು ಸ್ಟೋನ್‌ವೇರ್, ನಮ್ಮ ಉಪ್ಪಿನಕಾಯಿ ಜಾಡಿಯ ಜಾತಿಯದು; ಆದರೆ ಕುಂಬಾರ ಇದಕ್ಕೆ ಮೆರುಗು ಬಳಿದಿಲ್ಲ. ಒಲೆಯಲ್ಲಿ ಹಾರಿದ ಸೌದೆಯ ಬೂದಿ ಜಾಡಿಯ ಹೆಗಲ ಮೇಲೆ ಕೂತು, ಕರಗಿ, ಹಸಿರು ಗಾಜಾಗಿ ಕೆಳಗಿಳಿಯುತ್ತದೆ. ಹಾಗೆ ಇಳಿಯುವಾಗ ಗೀರುಗಳಲ್ಲಿ ತುಂಬಿ ನಿಂತ ಕಡೆ ಬಣ್ಣ ದಟ್ಟವಾಗುತ್ತದೆ. ಕುಂಬಾರ ಗೀರಿದ ಬೇಲಿಗೆ ಬೆಂಕಿಯೇ ಬಣ್ಣ ತುಂಬಿದಂತೆ.

ಇದೇ ಬಗೆಯ ಪುಟ್ಟ ಜಾಡಿಗೆ ‘ಉಜುಕುಮರು’ ಎಂದು ಹೆಸರು, ಅಂದರೆ ಕುಕ್ಕರುಗಾಲಿನಲ್ಲಿ ಕೂರುವುದು. ಅದರ ಹೆಗಲ ಮೇಲೂ ಹಲವು ಸಲ ಹಿಗಕಿ ಇರುತ್ತದೆ. ರೈತರ ಮನೆಯ ಈ ಜಾಡಿಯನ್ನು, ಅತಿಥಿಗೆ ಚಹಾ ಕೊಡುವುದನ್ನೇ ಒಂದು ಕಲೆಯಾಗಿಸಿಕೊಂಡ ಚಹಾ ಕೂಟದವರು ಆಮೇಲೆ ತಮ್ಮ ಚಹಾ ಕೋಣೆಗೆ ತಂದು, ನೀರೆರೆದು, ಹೂವಿಟ್ಟರು.