ಅರ್ಧ ದಾರಿಯ ಬಿಯರು

"ಸೌತಿಕಾಯಿ ಎಲ್ಲಿಟ್ಟೀಯೋ?" ಅಂತ ಅವ್ವ ಫ್ರಿಜ್ ತೆಗೆದು ನೋಡಿದಳು. ಮನೆಯಲ್ಲಿ ಸೌತೆಕಾಯಿಯೇ ಇರಲಿಲ್ಲ. ವಾಸನೆ ಬರುತ್ತಿದ್ದದ್ದು ಅಡುಗೆ ಕಟ್ಟೆಯ ಮೂಲೆಯಲ್ಲಿ, ಒದ್ದೆ ಬಟ್ಟೆ ಹೊದ್ದು ಮಲಗಿದ್ದ ಒಂದು ಕಿಲೋ ಜವೆಗೋಧಿಯಿಂದ, ಅಂದರೆ ಬಾರ್ಲಿಯಿಂದ. ಮೊಳಕೆ ಒಡೆಯುವ ಬಾರ್ಲಿಗೆ ಆಗಷ್ಟೇ ಹೆಚ್ಚಿದ ಸೌತೆಕಾಯಿಯದೇ ವಾಸನೆ. ಬಿಯರ್ ಮಾಡುವವರಿಗೆ ಸಿಗುವ ಮೊದಲ ಸುಖ ಇದು. ಗ್ಲಾಸು ತುಂಬುವುದಕ್ಕೆ ಇನ್ನೂ ವಾರಗಟ್ಟಲೆ ಇರುತ್ತದೆ.

ನಾನು ಗ್ಲಾಸಿನ ತನಕ ಹೋಗುವುದಿಲ್ಲ. ಪುಣೆಯಲ್ಲಿದ್ದೇನೆ. ಮಹಾರಾಷ್ಟ್ರದಲ್ಲಿ 1949ರ ಪಾನನಿಷೇಧ ಕಾಯ್ದೆ ಇನ್ನೂ ಇದೆ, ಪರವಾನಗಿ ಇಲ್ಲದೆ ಮನೆಯಲ್ಲಿ ಬಿಯರ್ ಮಾಡುವಂತಿಲ್ಲ. ಇಂಗ್ಲೆಂಡಿನಲ್ಲಿ ಸ್ವಂತಕ್ಕೆ ಮಾಡಿಕೊಳ್ಳುವವರಿಗೆ 1963ರಲ್ಲೇ ಆ ಕಾಟ ತಪ್ಪಿತು. ಅಲ್ಲಿರುವ ನನ್ನ ಭಾವಮೈದ ಗ್ಯಾರೇಜಿನಲ್ಲಿ ಮಾಡುತ್ತಾನೆ. ನಾನು ಸಕ್ಕರೆಯನ್ನು ಮದ್ಯ ಮಾಡುವ ಯೀಸ್ಟ್ ಹಾಕುವ ಮುಂಚೆಯೇ ನಿಲ್ಲಿಸಿಬಿಡುತ್ತೇನೆ. ಬೇಜಾರೇನಿಲ್ಲ. ಬಿಯರಿನ ನಿಜವಾದ ಮ್ಯಾಜಿಕ್ಕು ಅಷ್ಟರಲ್ಲಿ ಮುಗಿದಿರುತ್ತದೆ.

ಇದನ್ನು ಎದುರುಮನೆಯ ಕಾಕುಗೆ ತಿಳಿಸಿ ಹೇಳುವುದು ಕಷ್ಟ. ಮಾಲ್ಟ್ ಅಂದ ಕೂಡಲೇ ಅವರು ಸೆರಗಿನಿಂದ ಮೂಗು ಮುಚ್ಚಿಕೊಂಡರು. ಮಾಲ್ಟ್ ಅಂದರೆ ಮತ್ತು ಬರಿಸುವ ವಸ್ತು ಅಂತ ಅವರ ನಂಬಿಕೆ. ಮೊಮ್ಮಗನಿಗೆ ಮಾತ್ರ ದಿನಾ ಸಂಜೆ ಹಾರ್ಲಿಕ್ಸ್ ಕೊಡುತ್ತಾರೆ. ಅದರಲ್ಲಿರುವುದೂ ಇದೇ ಬಾರ್ಲಿ ಮಾಲ್ಟ್! ನಮ್ಮ ಕನ್ನಡದವರದು ಇದರ ಉಲ್ಟಾ ತಪ್ಪು. ಬರೀ ರಾಗಿ ಹಿಟ್ಟು ಕುದಿಸಿ ಹಾಲು ಬೆರೆಸಿ 'ರಾಗಿ ಮಾಲ್ಟ್' ಅಂತಾರೆ. ಅದು ಗಂಜಿ ಅಷ್ಟೇ. ಕಾಳಿಗೆ ಮೊಳಕೆ ಬರಿಸಿ ಒಣಗಿಸಿದ್ದರೆ ಮಾತ್ರ ಮಾಲ್ಟ್.

ನಾನೇನು ಹುಟ್ಟಾ ಜಾಣನಲ್ಲ. ಮೊದಲ ಸಲ ಅಂಗಡಿಯಿಂದ ಬೆಳ್ಳಗಿನ, ಮುತ್ತಿನಂಥ ಬಾರ್ಲಿ ತಂದು ನೆನೆಹಾಕಿದ್ದೆ. ಮೂರು ದಿನ ಕಾದೆ. ಮೊಳಕೆ ಬರಲಿಲ್ಲ, ಲೋಳೆ ಬಂತು. ಆ ಬಾರ್ಲಿಯನ್ನು ಪಾಲಿಶ್ ಮಾಡುವಾಗ ಸಿಪ್ಪೆಯ ಜೊತೆ ಜೀವವೂ ಹೋಗಿರುತ್ತದೆ. ಆಮೇಲೆ ಪೂಜಾ ಸಾಮಾನಿನ ಅಂಗಡಿಯಲ್ಲಿ, ನವರಾತ್ರಿಯ ಘಟಕ್ಕೆ ಬಿತ್ತುವ ಸಿಪ್ಪೆಸಹಿತದ 'ಜವ' ಸಿಕ್ಕಿತು. ಪುಣೆಯ ಜನವರಿ ಚಳಿಯಲ್ಲಿ ಐದನೇ ದಿನಕ್ಕೆ ಪ್ರತಿ ಕಾಳಿಗೂ ಬಿಳಿ ಬೇರಿನ ಗಡ್ಡ.

ಗಡ್ಡ ಬಂದ ಕಾಳನ್ನು ಬಿಸಿಲಿಗೆ ಹರವಿ, ಆಮೇಲೆ ಸಣ್ಣ ಉರಿಯ ಓವನ್ನಿನಲ್ಲಿ ಒಣಗಿಸಬೇಕು. ಆಗ ಸೌತೆಕಾಯಿ ಹೋಗಿ ಬಿಸ್ಕೀಟು ಬರುತ್ತದೆ. ಮುಂಬೈಯ ವಿಲೆ ಪಾರ್ಲೆ ಸ್ಟೇಷನ್ನಿನಲ್ಲಿ ಹಿಂದೆ ಲೋಕಲ್ ನಿಂತರೆ ಫ್ಯಾಕ್ಟರಿಯಿಂದ ಒಂದು ವಾಸನೆ ಬರುತ್ತಿತ್ತಲ್ಲ, ಹೆಚ್ಚುಕಡಿಮೆ ಅದೇ.

ಈಗ ನನ್ನ ಇಷ್ಟದ ಭಾಗ. ಒಣಗಿದ ಮಾಲ್ಟನ್ನು ತರಿತರಿಯಾಗಿ ಒಡೆದು, 65 ಡಿಗ್ರಿ ಬಿಸಿಯಲ್ಲಿ ಒಂದು ತಾಸು ನೀರಲ್ಲಿ ಇಡಬೇಕು. ಸಕ್ಕರೆ ಹಾಕುವುದಿಲ್ಲ. ತಾಸಾದ ಮೇಲೆ ನೆಕ್ಕಿ ನೋಡಿದರೆ ಪಾಯಸದಷ್ಟು ಸಿಹಿ. ಎಲ್ಲಿಂದ ಬಂತು?

ಪಿಷ್ಟ ಅಂದರೆ ಸಕ್ಕರೆಯ ಮಣಿ ಪೋಣಿಸಿದ ಸರ. ಸರ ನಾಲಿಗೆಗೆ ಸಪ್ಪೆ, ಬಿಡಿ ಮಣಿ ಸಿಹಿ. ಮೊಳಕೆಯ ಹೊತ್ತಿಗೆ ಕಾಳಿನಲ್ಲಿ ಈ ಸರ ಬಿಡಿಸುವ ಎರಡು ಕಿಣ್ವಗಳು ತಯಾರಾಗಿರುತ್ತವೆ: ಆಲ್ಫಾ ಅಮೈಲೇಸ್, ಬೀಟಾ ಅಮೈಲೇಸ್. ಅಲ್ಲ, ಸರದ ಹೋಲಿಕೆ ಸಾಲದು, ಪಿಷ್ಟಕ್ಕೆ ಕವಲುಗಳೂ ಇವೆ. ಹುಣಸೆ ಮರ ಅಂದುಕೊಳ್ಳಿ. ಬೀಟಾ ಒಂದು ಆಡು. ಟೊಂಗೆಯ ತುದಿಯಿಂದ ಎರಡೆರಡೇ ಎಲೆ ಕಡಿಯುತ್ತಾ ಬರುತ್ತದೆ. ಆ ಎರಡೆಲೆಯ ಜೋಡಿಯೇ ಮಾಲ್ಟೋಸ್ ಸಕ್ಕರೆ. ಆಡು ಮುಟ್ಟದ ಸೊಪ್ಪಿಲ್ಲ ಅಂತೀವಿ, ಆದರೆ ಈ ಆಡು ಕವಲು ಬಂದಲ್ಲಿ ನಿಂತುಬಿಡುತ್ತದೆ. ಆಲ್ಫಾ ಕೊಡಲಿ ಹಿಡಿದ ಆಸಾಮಿ. ಟೊಂಗೆಯನ್ನು ನಡುವೆ ಎಲ್ಲೆಂದರಲ್ಲಿ ಕಡಿಯುತ್ತಾನೆ. ಕಡಿದಷ್ಟೂ ಆಡಿಗೆ ಹೊಸ ತುದಿ ಸಿಗುತ್ತದೆ. ಆಡಿಗೆ ಸೆಕೆ ಆಗದು, 70 ಡಿಗ್ರಿ ದಾಟಿದರೆ ಮಲಗಿಬಿಡುತ್ತದೆ. ಕೊಡಲಿಯವನು ಇನ್ನೂ ನಾಲ್ಕೈದು ಡಿಗ್ರಿ ತಡೆಯುತ್ತಾನೆ. ಅದಕ್ಕೇ 63ರಲ್ಲಿ ಇಟ್ಟರೆ ಯೀಸ್ಟಿಗೆ ತಿನ್ನಲು ಬರುವ ಸಕ್ಕರೆ ಜಾಸ್ತಿ, ಬಿಯರ್ ತೆಳು. 69ರಲ್ಲಿ ಇಟ್ಟರೆ ತುಂಡು ಟೊಂಗೆಗಳೇ ಉಳಿದು ಬಿಯರ್ ಬಾಯಿ ತುಂಬುತ್ತದೆ. ಆರೇ ಡಿಗ್ರಿಯ ಆಟ!

ಇದನ್ನು ಕಣ್ಣಾರೆ ನೋಡಬಹುದು. ಗಾಯಕ್ಕೆ ಹಚ್ಚುವ ಅಯೋಡಿನ್ ತಗೊಳ್ಳಿ. ಶುರುವಿನಲ್ಲಿ ಪಾತ್ರೆಯಿಂದ ಒಂದು ಹನಿ ತೆಗೆದು ಬಿಳಿ ಬಸಿಯಲ್ಲಿ ಅಯೋಡಿನ್ ತಾಗಿಸಿದರೆ ಕಡುನೀಲಿ, ಶಾಯಿ ಚೆಲ್ಲಿದ ಹಾಗೆ. ಅರ್ಧ ತಾಸಿಗೆ ಬದನೆಕಾಯಿ ಬಣ್ಣ. ತಾಸಿಗೆ ಅಯೋಡಿನ್ ತನ್ನ ಕಂದು ಬಣ್ಣದಲ್ಲೇ ಸುಮ್ನೆ ಇರುತ್ತದೆ. ಪಿಷ್ಟ ಖಾಲಿ. (ಆ ಹನಿ ನೆಕ್ಕಬೇಡಿ.)

ಪ್ಯಾರಿಸ್ಸಿನ ಪಯೆನ್ ಮತ್ತು ಪೆರ್ಸೊ 1833ರಲ್ಲಿ ಮಾಲ್ಟಿನಿಂದಲೇ ಈ ಸತ್ವವನ್ನು ಹೊರತೆಗೆದು ಡಯಾಸ್ಟೇಸ್ ಅಂತ ಹೆಸರಿಟ್ಟರು. ಕಿಣ್ವಗಳ ಹೆಸರಿನ ಬಾಲದಲ್ಲಿ 'ಏಸ್' ಅಂತ ಬರುವುದಕ್ಕೆ ಅದೇ ಮೂಲ. 1894ರಲ್ಲಿ ಜಪಾನಿನ ತಕಮಿನೆ ಇಂಥದ್ದನ್ನೇ ಬೂಷ್ಟಿನಿಂದ, ಅಂದರೆ ಶಿಲೀಂಧ್ರದಿಂದ, ತೆಗೆದು ಪೇಟೆಂಟ್ ಪಡೆದರು. ಅವರ ತಾಯಿಯ ಮನೆಯವರು ಅಕ್ಕಿಯ ಮದ್ಯ ಮಾಡುವವರು, ನೋಡಿ! ನಮ್ಮ ಮನೆಯ ಅಜೀರ್ಣದ ಸಿರಪ್ಪಿನ ಲೇಬಲ್ಲಿನಲ್ಲೂ 'ಫಂಗಲ್ ಡಯಾಸ್ಟೇಸ್' ಅಂತಿದೆ. ಅದೂ ಬೇಡ, ಒಂದು ಹಿಡಿ ಒಣ ಅವಲಕ್ಕಿ ಬಾಯಿಗೆ ಹಾಕಿ ನುಂಗದೆ ಅಗಿಯಿರಿ. ಸಿಹಿಯಾಗುತ್ತದೆ. ಜೊಲ್ಲಿನಲ್ಲೂ ಕೊಡಲಿಯವನಿದ್ದಾನೆ. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳಲ್ಲಿ ಗೋವಿನಜೋಳವನ್ನು ಅಗಿದು ಉಗಿದೇ ಚಿಚಾ ಎಂಬ ಬಿಯರ್ ಮಾಡುತ್ತಿದ್ದರು.

ಯೀಸ್ಟಿನ ಕತೆ ನಿಮಗೆ ಗೊತ್ತೇ ಇದೆ. ಅದನ್ನು ಗ್ಯಾರೇಜಿನಲ್ಲಿ ಒಮ್ಮೆ ಕೇಳಿಸಿಕೊಂಡಿದ್ದೇನೆ. ಯೀಸ್ಟ್ ಬಿಡುವ ಗ್ಯಾಸಿಗೆ ಕತ್ತಲಲ್ಲಿ ಡಬ್ಬಿಯ ನಳಿಗೆ 'ಗುಳುಕ್' ಅನ್ನುತ್ತದೆ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ 'ಗುಳುಕ್'. ಭಾವಮೈದ ಕೂಸು ಮಲಗಿಸಿದವನ ಹಾಗೆ ಪಿಸುಮಾತಿನಲ್ಲೇ ಮಾತಾಡುತ್ತಿದ್ದ.

ನಾನು ಸೋಸಿದ ಸಿಹಿನೀರನ್ನು ಸಣ್ಣ ಉರಿಯಲ್ಲಿ ಬತ್ತಿಸುತ್ತೇನೆ. ಕೊನೆಗೆ ಜೋನಿ ಬೆಲ್ಲದಂಥ ಪಾಕ. ಅವ್ವ ಚಪಾತಿಗೆ ಹಚ್ಚಿಕೊಂಡು ತಿಂದಳು.

"ಬೆಲ್ಲಾ ಎಷ್ಟ್ ಹಾಕೀದಿ?"

"ಒಂದ್ ಚೂರೂ ಇಲ್ಲವಾ."

ನಂಬಲಿಲ್ಲ. ಚಮಚ ಮಾತ್ರ ಕೈಬಿಡಲಿಲ್ಲ. ಅದೇ ಹುರುಪಿನಲ್ಲಿ, ಮುಂದಿನ ಸಲ ಊರಿಂದ ಬಂದ ಬಿಳಿಜೋಳಕ್ಕೆ ಮೊಳಕೆ ಬರಿಸ್ತೀನಿ ಅಂದೆ. ಅವ್ವ ಚಮಚ ಕೆಳಗಿಟ್ಟಳು.

"ಹುಚ್ಚಗಿಚ್ಚ ಹಿಡದದೇನು? ಎಳೀ ಜೋಳಾ ಮೇದ್ರ ದನಾನ ಸಾಯ್ತಾವು."

ಎಳೆಯ ಜೋಳದಲ್ಲಿ ಡುರಿನ್ ಅನ್ನುವ ವಸ್ತು ಇರುತ್ತದೆ. ಜಗಿದಾಗ ಅದರಿಂದ ಸೈನೈಡ್ ಹೊರಬರುತ್ತದೆ. ಜೋಳದ ಮೊಳಕೆಯಲ್ಲೂ ಅದಿದೆ. ಇದನ್ನು ನಾನು ಓದಿದ್ದು ಅವತ್ತು ರಾತ್ರಿ, ಅವ್ವ ಮಲಗಿದ ಮೇಲೆ.