ತೊಳೆಯಬೇಡಿ, ಮಣ್ಣಿನ ಸಮೇತ ತನ್ನಿ

ಹಳೆಯ ಕಾಸಿರಲಿ, ಕೋಟಿನ ಗುಂಡಿಯಿರಲಿ, ಬೆಲ್ಟಿನ ಬಿಲ್ಲೆಯಿರಲಿ, ಹೊಲದಲ್ಲಿ ಸಿಕ್ಕಿದ್ದನ್ನು ನನ್ನ ಹತ್ತಿರ ತರುವ ಮುಂಚೆ ತೊಳೆಯಬೇಡಿ. ಹಾಸನದಲ್ಲಿ ಕೂತು ಲೋಹದ ಹಳೆಯ ವಸ್ತುಗಳ ಸಂರಕ್ಷಣೆ ಮಾಡುವ ನಾನು ಬಂದವರಿಗೆಲ್ಲ ಹೇಳುವ ಮೊದಲ ಮಾತು ಇದೇ. ಆದರೂ ಜನ ಕರವಸ್ತ್ರ ಬಿಚ್ಚಿದರೆ ಒಳಗಿನದು ಥಳಥಳ ಹೊಳೆಯುತ್ತಿರುತ್ತದೆ. "ಹೆಂಗಿದೆ ನೋಡಿ ಸಾರ್, ಹೊಸದ್ರಂಗೆ!" ಹುಣಸೆಹಣ್ಣು, ಉಪ್ಪು, ನಿಂಬೆ ಹೋಳು, ಒಲೆ ಬೂದಿ, ಕೆಲವೊಮ್ಮೆ ಬಚ್ಚಲು ತೊಳೆಯುವ ಆ್ಯಸಿಡ್. ಅವರ ಮುಖದ ಹಿಗ್ಗು ನೋಡಿದರೆ ಬೈಯಲು ಬಾಯಿ ಬರುವುದಿಲ್ಲ. ಬೈಯದೆ ಇರಲೂ ಆಗುವುದಿಲ್ಲ.

ಈಚೆಗೆ ಇದು ಹೆಚ್ಚಾಗಿದೆ. ಶುಂಠಿಗೆಂದು ಹೊಲ ಆಳಕ್ಕೆ ಉಳುತ್ತಾರೆ, ಜೆಸಿಬಿ ತಂದು ಮಟ್ಟ ಮಾಡುತ್ತಾರೆ. ಎಂದೋ ಕೆಳಗೆ ಹೋದದ್ದು ಮೇಲೆ ಬರುತ್ತದೆ. ಹುಡುಗರು ಆನ್‌ಲೈನಿನಲ್ಲಿ ಮೆಟಲ್ ಡಿಟೆಕ್ಟರ್ ತರಿಸಿಕೊಂಡು ಕೊಯ್ಲಾದ ಹೊಲದಲ್ಲಿ ಓಡಾಡುತ್ತಾರೆ. ಯಾವ ಯಂತ್ರ ಒಳ್ಳೆಯದು ಎಂದು ನನ್ನನ್ನು ಕೇಳಬೇಡಿ. ಇಷ್ಟು ತಿಳಿದಿರಲಿ: ಸಕಲೇಶಪುರ, ಮೂಡಿಗೆರೆ ಕಡೆಯ ಜಂಬಿಟ್ಟಿಗೆ ಮಣ್ಣಿನಲ್ಲೇ ಕಬ್ಬಿಣದ ಅಂಶವಿದೆ. ಆಯಾ ನೆಲಕ್ಕೆ ಯಂತ್ರವನ್ನು ಹೊಂದಿಸಿಕೊಳ್ಳದಿದ್ದರೆ ಬರೀ ಮಣ್ಣಿಗೇ ಕೂಗುತ್ತದೆ. ಕಾಸಿನಷ್ಟು ಸಣ್ಣ ವಸ್ತುವಾದರೆ ಸಾಮಾನ್ಯ ಯಂತ್ರಕ್ಕೆ ಮುಕ್ಕಾಲು ಅಡಿ ಆಳದವರೆಗೆ ಸಿಕ್ಕೀತು, ಅಷ್ಟೇ. ಸಿಗುವುದರಲ್ಲಿ ಹೆಚ್ಚಿನವು ಎತ್ತಿನ ಲಾಳ, ಗಾಡಿ ಪಟ್ಟಿಯ ಚೂರು, ಬಾಟಲಿ ಮುಚ್ಚಳ.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ತಾಮ್ರ, ಹಿತ್ತಾಳೆ, ಕಂಚು ನೂರಾರು ವರ್ಷ ಮಣ್ಣಿನಲ್ಲಿದ್ದರೆ ಮೇಲ್ಭಾಗ ಕಿಲುಬಾಗುತ್ತದೆ. ಕಿಲುಬು ಎಂದರೆ ಮೇಲೆ ಅಂಟಿದ ಕೊಳೆ ಅಲ್ಲ. ಅದು ಆ ವಸ್ತುವಿನದೇ ತಾಮ್ರ, ಗಾಳಿ ನೀರು ಸೇರಿ ಬೇರೆ ರೂಪ ತಾಳಿದೆ. ಟಂಕಸಾಲೆಯಲ್ಲಿ ಅಚ್ಚು ಒತ್ತಿದಾಗ ಮೂಡಿದ ಮೇಲ್ಮೈ ಎಷ್ಟೋ ಸಲ ಲೋಹದಲ್ಲಿ ಉಳಿದೇ ಇರುವುದಿಲ್ಲ, ಕಿಲುಬಿನ ಪದರದೊಳಗೆ ಇರುತ್ತದೆ. ಅಕ್ಷರದ ಅಂಚು, ಆನೆಯ ಸೊಂಡಿಲು, ಚಂದ್ರನ ಗೆರೆ ಎಲ್ಲವೂ ಅಲ್ಲೇ. ಹಲಸು ಬಿಡಿಸಿದ ಹಾಗೆ ಹೊರಗಿನದು ಕಸ, ಒಳಗಿನದು ತೊಳೆ ಎಂದುಕೊಳ್ಳಬೇಡಿ. ಹುಣಸೆಯ ಹುಳಿಗೆ ಕಿಲುಬು ಕರಗುತ್ತದೆ, ಅದರ ಜೊತೆ ಅಕ್ಷರವೂ ಹೋಗುತ್ತದೆ. ಕೊನೆಗೆ ಉಳಿಯುವುದು ಮಿನುಗುವ, ತಗ್ಗುದಿಣ್ಣೆಯ, ಏನೂ ಹೇಳದ ಒಂದು ತಾಮ್ರದ ಬಿಲ್ಲೆ.

ಟಿಪ್ಪುವಿನ ಆನೆ ಕಾಸನ್ನೇ ನೋಡಿ. ಅದರಲ್ಲಿ ಯಾವ ಟಂಕಸಾಲೆಯದು ಎಂಬ ಹೆಸರಿರುತ್ತದೆ: ಶ್ರೀರಂಗಪಟ್ಟಣದ್ದೋ, ನಗರದ್ದೋ (ಶಿವಮೊಗ್ಗ ಕಡೆಯ ಹಳೆಯ ಬಿದನೂರು), ಬೇರೆ ಊರಿನದೋ. ನಂತರದ ವರ್ಷಗಳ ಕಾಸಿನ ಮೇಲೆ ಟಿಪ್ಪು ತಾನೇ ಜಾರಿಗೆ ತಂದ ಮೌಲೂದಿ ಶಕೆಯ ವರ್ಷವಿದೆ, ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರ ದೊಡ್ಡ ತಾಮ್ರದ ಕಾಸಿನಲ್ಲಿ ಕನ್ನಡದಲ್ಲಿ 'ಮಯಿಲಿ ಕಾಸು ೨೦' ಎಂದಿದೆ. ಘಟ್ಟದ ದಾರಿಯ ಪಕ್ಕದ ಒಂದು ಹೊಲದಲ್ಲಿ ನಗರದ ಟಂಕಸಾಲೆಯ ಕಾಸು ಸಿಕ್ಕಿತು ಎಂದರೆ ಯಾರ ಓಡಾಟ, ಯಾವ ವ್ಯಾಪಾರ ಎಂದು ಕೇಳಲು ಶುರುಮಾಡಬಹುದು. ಹೆಸರೇ ಅಳಿಸಿಹೋದರೆ ಕೇಳುವುದಾದರೂ ಏನನ್ನು?

ಗುಂಡಿಗಳ ಗತಿ ಇನ್ನೂ ಕೆಟ್ಟದ್ದು. ಕಾಫಿ ತೋಟಗಳಲ್ಲಿ ಇಂಗ್ಲಿಷರ ಕಾಲದ ಹಿತ್ತಾಳೆ ಗುಂಡಿಗಳು ಆಗಾಗ ಸಿಗುತ್ತವೆ. ಅವುಗಳಲ್ಲಿ ಕೆಲವಕ್ಕೆ ಕೂದಲೆಳೆಗಿಂತ ತೆಳ್ಳಗೆ ಚಿನ್ನದ ಲೇಪ ಇರುತ್ತದೆ. ಬೂದಿ ಹಾಕಿ ಒಂದು ಸಲ ತಿಕ್ಕಿದರೆ ಮುಗಿಯಿತು. ಮೂಡಿಗೆರೆ ಕಡೆಯ ತೋಟದ ಒಬ್ಬ ಹುಡುಗ ಕಾಫಿ ಗಿಡದ ಕುಳಿ ತೆಗೆಯುವಾಗ ಸಿಕ್ಕ ಗುಂಡಿಯೊಂದನ್ನು ತಂದಿದ್ದ. ಅವನ ಅಜ್ಜಿ ದೀಪದ ಕಂಬ ಬೆಳಗುವಷ್ಟೇ ಶ್ರದ್ಧೆಯಿಂದ ಅದನ್ನೂ ಬೆಳಗಿದ್ದರು. ಮುಂಭಾಗದಲ್ಲಿ ಕಿರೀಟ ಇದ್ದಿತೆಂಬ ಗುರುತು ಮಾತ್ರ ಇತ್ತು. ಕಿರೀಟದ ಕಮಾನು ಸ್ಪಷ್ಟವಾಗಿದ್ದರೆ ವಿಕ್ಟೋರಿಯಾ ರಾಣಿಯ ಕಾಲದ್ದೋ 1901ರ ನಂತರದ್ದೋ ಎಂದು ಹೇಳಬಹುದಿತ್ತು. ಹಿಂದೆ ತಿರುಗಿಸಿ ಮಸೂರ ಹಿಡಿದೆ. ದಾರ ಪೋಣಿಸುವ ಕೊಂಡಿಯ ಬುಡದಲ್ಲಿ ಅಜ್ಜಿಯ ಬೆರಳು ಹೋಗದ ಕಡೆ ಒಂದಿಷ್ಟು ಕೆಂಪು ಮಣ್ಣು ಕಚ್ಚಿಕೊಂಡಿತ್ತು. ಬಿದಿರ ಕಡ್ಡಿಯ ತುದಿಯಿಂದ ಬಿಡಿಸಿದಾಗ ಇಂಗ್ಲಿಷಿನಲ್ಲಿ ಲಂಡನ್ ಎಂದು ಬರೆಯುವ ಪದದ ಕೊನೆಯ ಮೂರು ಅಕ್ಷರ ಕಂಡವು. ಮಾಡಿದವರ ಹೆಸರು ಅದರ ಮುಂಚೆಯೇ ಇದ್ದಿರಬೇಕು, ಅದು ಬೂದಿಗೆ ಹೋಗಿತ್ತು. ಹುಡುಗ ಅಜ್ಜಿಯನ್ನು ಬಿಟ್ಟುಕೊಡಲಿಲ್ಲ. "ಅವರಿಗೆ ಗೊತ್ತಿರ್ಲಿಲ್ಲ ಸಾರ್" ಅಂದ. ಅಂಥ ಹುಡುಗರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

"ಹಾಗಾದ್ರೆ ಹಂಗೇ ಬಿಟ್ರೆ ಹಾಳಾಗಲ್ವಾ?" ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಗಟ್ಟಿಯಾದ, ಕಡು ಹಸಿರಿನ ಅಥವಾ ಕಂದು ಬಣ್ಣದ ಕಿಲುಬು ಸಾಮಾನ್ಯವಾಗಿ ತಂಟೆ ಮಾಡುವುದಿಲ್ಲ. ಹೆದರಬೇಕಾದದ್ದು ತಿಳಿ ಹಸಿರು ಪುಡಿಗೆ. ಮುಟ್ಟಿದರೆ ಉದುರುತ್ತದೆ, ಒರೆಸಿದರೆ ಕೆಲವೇ ದಿನದಲ್ಲಿ ಮತ್ತೆ ಹುಟ್ಟುತ್ತದೆ. ತಾಮ್ರದೊಳಗೆ ಸೇರಿದ ಕ್ಲೋರೈಡ್ (ಅಡುಗೆ ಉಪ್ಪಿನಲ್ಲೂ ಇರುವುದು) ತೇವಾಂಶ ಸಿಕ್ಕಾಗ ಆಮ್ಲವಾಗುತ್ತದೆ, ಆಮ್ಲ ಹೊಸ ತಾಮ್ರವನ್ನು ತಿನ್ನುತ್ತದೆ, ಅದರಿಂದ ಮತ್ತೆ ಕ್ಲೋರೈಡ್. ಹೀಗೆ ಸುತ್ತು ನಿಲ್ಲುವುದೇ ಇಲ್ಲ. ಆಲೂಗಡ್ಡೆಗೂ ಕಾಫಿಗೂ ನಾವು ಹಾಕುವ ಪೊಟ್ಯಾಷ್ ಗೊಬ್ಬರ ಬಹುಪಾಲು ಪೊಟ್ಯಾಸಿಯಂ ಕ್ಲೋರೈಡೇ, ಆದ್ದರಿಂದ ನಮ್ಮ ಹೊಲಗಳಲ್ಲಿ ಕ್ಲೋರೈಡಿಗೆ ಬರವಿಲ್ಲ. ಹುಣಸೆಯ ಜೊತೆ ಉಪ್ಪು ಹಾಕಿ ತಿಕ್ಕುವವರು ಅದನ್ನೇ ಕೈಯಾರೆ ತುಂಬುತ್ತಾರೆ. ಮಲೆನಾಡಿನ ಆಷಾಢದಲ್ಲಿ ಬಟ್ಟೆಯೇ ಒಣಗುವುದಿಲ್ಲ, ಕಾಸು ಹೇಗೆ ಒಣಗಿರುತ್ತದೆ?

ಆದ್ದರಿಂದ ಮಣ್ಣಿದ್ದರೆ ಇರಲಿ. ನೆರಳಲ್ಲಿ ಆರಲು ಬಿಡಿ. ಮೆತ್ತನೆಯ ಕಾಗದದಲ್ಲಿ ಸುತ್ತಿ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಪೊಟ್ಟಣವನ್ನು ಆಗಾಗ ಬದಲಿಸಿ. ಎಣ್ಣೆ ಹಚ್ಚಬೇಡಿ. ಸೀಸದ ಗುಂಡುಗಳನ್ನು ಮರದ ಪೆಟ್ಟಿಗೆಯಲ್ಲಿಡಬೇಡಿ, ಮರದಿಂದ ಬರುವ ಆಮ್ಲದ ಹಬೆಗೆ ಸೀಸ ಬಿಳಿ ಪುಡಿಯಾಗುತ್ತದೆ. ಡಬ್ಬಿಯೊಳಗೆ ಒಂದು ಚೀಟಿ ಹಾಕಿ: ಯಾವ ಊರು, ಯಾವ ಸರ್ವೆ ನಂಬರ್, ಎಷ್ಟು ಆಳ, ಜೊತೆಗೆ ಇನ್ನೇನು ಸಿಕ್ಕಿತು. ಯೂಟ್ಯೂಬ್ ನೋಡಿ ಬ್ಯಾಟರಿ ತಂತಿ ಜೋಡಿಸಿ ಸ್ವಚ್ಛ ಮಾಡುವವರೂ ಇದ್ದಾರೆ, ದಯವಿಟ್ಟು ಬೇಡ. ನಾವೂ ಕೆಲವನ್ನು ಸ್ವಚ್ಛ ಮಾಡುತ್ತೇವೆ, ಆದರೆ ಸೂಕ್ಷ್ಮದರ್ಶಕದ ಕೆಳಗೆ, ಎಲ್ಲಿ ನಿಲ್ಲಿಸಬೇಕು ಎಂದು ನೋಡಿಕೊಂಡು. ಎಲ್ಲ ವಸ್ತುವಿಗೂ ಒಂದೇ ಔಷಧಿ ಇಲ್ಲ, ಕಣ್ಣಾರೆ ನೋಡದೆ ಫೋನಿನಲ್ಲಿ ನಾನು ಏನನ್ನೂ ಹೇಳುವುದಿಲ್ಲ.

ಕಾನೂನಿನ ವಿವರ ವಕೀಲರಿಗೆ ಬಿಟ್ಟದ್ದು. ಆದರೂ ಕುಡಿಕೆಯೋ ಕಾಸಿನ ರಾಶಿಯೋ ಕಂಡರೆ ಅಗೆಯುವುದನ್ನು ಅಲ್ಲೇ ನಿಲ್ಲಿಸಿ ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು, ಕರ್ನಾಟಕಕ್ಕೆ 1962ರ ನಿಧಿ ಕಾಯ್ದೆಯೇ ಇದೆ. ನೂರು ವರ್ಷ ದಾಟಿದ ವಸ್ತುವನ್ನು ಪರವಾನಗಿ ಇಲ್ಲದೆ ವ್ಯಾಪಾರ ಮಾಡುವುದಕ್ಕೆ 1972ರ ಪ್ರಾಚ್ಯವಸ್ತು ಕಾಯ್ದೆ ಅಡ್ಡ ಬರುತ್ತದೆ. ಸಂರಕ್ಷಿತ ಸ್ಮಾರಕದ ಆಸುಪಾಸಿಗೆ ಯಂತ್ರ ಹಿಡಿದು ಹೋಗಲೇಬೇಡಿ. ಹಳೇಬೀಡಿನ ಸುತ್ತ ನಿಮಗೆ ಹೊಲವಾಗಿ ಕಾಣುವ ಎಷ್ಟೋ ನೆಲ ಹೊಯ್ಸಳರ ದೋರಸಮುದ್ರದ ಕೋಟೆಯೊಳಗಿನ ಪಟ್ಟಣವಾಗಿತ್ತು. ಇನ್ನು ವೀರಗಲ್ಲು ಕಿತ್ತು, ದೇವರ ಪೀಠ ಒಡೆದು ನಿಧಿ ಹುಡುಕುವವರು, ಅಕ್ಕಿಕಾಳನ್ನು ತನ್ನತ್ತ ಎಳೆಯುತ್ತದೆ ಎಂದು ಮೋಸಗಾರರು ನಂಬಿಸುವಂಥ ಚೊಂಬು ಇದೆ ಎಂದು ಪರೀಕ್ಷೆಗೆ ಕರೆಯುವವರು ನನ್ನ ಬಾಗಿಲಿಗೆ ಬರುವುದೇ ಬೇಡ.

ಈಗಾಗಲೇ ತೊಳೆದುಬಿಟ್ಟಿದ್ದರೆ? ಎಸೆಯಬೇಡಿ. ಹುಳಿ ಇನ್ನೂ ಸಂದುಗಳಲ್ಲಿ ಕೂತಿರುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ನಲ್ಲಿ ಎರಡು ಮೂರು ಸಲ ಅದ್ದಿ ತೆಗೆದು ಚೆನ್ನಾಗಿ ಆರಿಸಿ, ಮತ್ತೆ ತಿಕ್ಕಲು ಹೋಗಬೇಡಿ. ತಂದಾಗ ಹುಣಸೆಯೋ, ಬೂದಿಯೋ, ಆ್ಯಸಿಡ್ಡೋ ಎಂಬುದನ್ನು ಸಂಕೋಚಪಡದೆ ಹೇಳಿ. ಮುಂದೆ ನಾನು ಏನು ಮಾಡಬೇಕು ಎಂಬುದು ಅದರ ಮೇಲೆಯೇ ನಿಂತಿದೆ.