ಅನಿಲದ ಒತ್ತಡ 0.2 ಬಾರ್ ಮಾತ್ರ, ಆದರೂ ಟ್ಯಾಂಕಿನ ಗೋಡೆಗೆ 10 ಮಿ.ಮೀ. ತಗಡು ಏಕೆ?

ಓದುಗರ ಪ್ರಶ್ನೆ: ಕಡಿಮೆ ಒತ್ತಡದ ಸಂಗ್ರಹ ಟ್ಯಾಂಕಿನಲ್ಲಿ ದ್ರವದ ಮೇಲಿರುವ ಅನಿಲದ ಒತ್ತಡವನ್ನಷ್ಟೇ ಹಿಡಿದು ಗೋಡೆಯ ದಪ್ಪವನ್ನು ಲೆಕ್ಕ ಹಾಕಿದರೆ ಸಾಲದೇ?

ಸಾಲದು. 15 ಪಿಎಸ್ಐವರೆಗಿನ (ಸುಮಾರು 1 ಬಾರ್) ಒತ್ತಡದ ಟ್ಯಾಂಕುಗಳಿಗೆ ಅನ್ವಯಿಸುವ, ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟಿನ ಎಪಿಐ 620 ಸಂಹಿತೆಯಲ್ಲಿ ಗೋಡೆಯ ಯಾವುದೇ ಮಟ್ಟದಲ್ಲಿ ಒತ್ತಡ ಎಂದರೆ ಅನಿಲದ ಒತ್ತಡ ಮತ್ತು ಆ ಮಟ್ಟದ ಮೇಲೆ ನಿಂತ ದ್ರವದ ಒತ್ತಡ, ಎರಡೂ ಸೇರಿದ ಮೊತ್ತ. ಆ ಮೊತ್ತವನ್ನು ತ್ರಿಜ್ಯದಿಂದ ಗುಣಿಸಿ, ಉಕ್ಕಿನ ಅನುಮತಿತ ಪೀಡನ (ಉಕ್ಕು ಸುರಕ್ಷಿತವಾಗಿ ತಾಳಬಹುದಾದ ಎಳೆತ) ಮತ್ತು ಬೆಸುಗೆಯ ದಕ್ಷತೆ (ತಗಡಿನ ಬಲಕ್ಕೆ ಹೋಲಿಸಿದರೆ ಬೆಸುಗೆಯ ಬಲದ ಪಾಲು) ಇವುಗಳ ಗುಣಲಬ್ಧದಿಂದ ಭಾಗಿಸಿ, ಬಂದದ್ದಕ್ಕೆ ತುಕ್ಕಿನ ಪಾಲನ್ನು (ತುಕ್ಕು ತಿಂದುಹಾಕಬಹುದೆಂದು ಇಡುವ ಹೆಚ್ಚುವರಿ ದಪ್ಪವನ್ನು) ಕೂಡಿಸಬೇಕು.

12 ಮೀಟರ್ ವ್ಯಾಸದ, 10 ಮೀಟರ್ ನೀರು ತುಂಬಿದ, 20 ಕಿಲೋಪಾಸ್ಕಲ್ (0.2 ಬಾರ್) ಒತ್ತಡದ ಅನಿಲವಿರುವ ಟ್ಯಾಂಕನ್ನು ತೆಗೆದುಕೊಳ್ಳೋಣ. ಅನುಮತಿತ ಪೀಡನ 110 ಮೆಗಾಪಾಸ್ಕಲ್, ದಕ್ಷತೆ 0.85, ತುಕ್ಕಿಗೆ 1.5 ಮಿ.ಮೀ. ಇರಲಿ. ಅನಿಲವೊಂದಕ್ಕೇ ಬೇಕಾಗುವುದು 1.28 ಮಿ.ಮೀ.; ಆದರೆ ತಳದಲ್ಲಿ ನೀರಿನ 98.1 ಕಿಲೋಪಾಸ್ಕಲ್ ಸೇರಿ ಒಟ್ಟು 118.1 ಆಗುವುದರಿಂದ 7.58 ಮಿ.ಮೀ. ಬೇಕು, ತುಕ್ಕಿನ ಪಾಲೂ ಸೇರಿ 9.08. ಆದ್ದರಿಂದಲೇ 10 ಮಿ.ಮೀ. ತಗಡು. ಬೆಸುಗೆಗಳನ್ನೆಲ್ಲ ಪೂರ್ತಿಯಾಗಿ ಎಕ್ಸ್-ರೇ ಪರೀಕ್ಷೆಗೆ ಒಳಪಡಿಸಿ ದಕ್ಷತೆಯನ್ನು 1 ಎಂದು ಹಿಡಿದರೆ 7.94 ಬರುತ್ತದೆ, 8 ಮಿ.ಮೀ. ಸಾಕೆನಿಸುತ್ತದೆ, ಆದರೆ ಅಷ್ಟು ಬಿಗಿಯಾದ ಲೆಕ್ಕವನ್ನು ನಾನು ಒಪ್ಪಲಾರೆ, ಏಕೆಂದರೆ ತಗಡಿನ ದಪ್ಪದಲ್ಲಿ ಸಣ್ಣ ಕೊರತೆ ಸಹಜ.

ತಳದಿಂದ ಮೇಲೇರಿದಂತೆ ದಪ್ಪ ಇಳಿಯುತ್ತದೆ. ತುದಿಯ 2 ಮೀಟರ್ ಪಟ್ಟಿಗೆ ಲೆಕ್ಕ ಕೇಳುವುದು 2.54 ಮಿ.ಮೀ. ಮಾತ್ರವಾದರೂ, ಈ ತ್ರಿಜ್ಯಕ್ಕೆ ಸಂಹಿತೆ ವಿಧಿಸುವ ಕನಿಷ್ಠ 3/16 ಇಂಚು (4.76 ಮಿ.ಮೀ.) ಮತ್ತು ತುಕ್ಕಿನ ಪಾಲು ಸೇರಿದ ಮೊತ್ತಕ್ಕಿಂತ ಕಡಿಮೆ ಬಳಸುವಂತಿಲ್ಲ.

ಹಾಗೆಂದು ಅನಿಲದ ಒತ್ತಡವನ್ನು ಕಡೆಗಣಿಸಬಾರದು. ಗೋಡೆಯ ದಪ್ಪದಲ್ಲಿ ಅದರ ಪಾಲು ಸಣ್ಣದಾದರೂ, ಚಾವಣಿಯನ್ನು ಅದು ಸುಮಾರು 230 ಟನ್ ಬಲದಿಂದ ಮೇಲಕ್ಕೆ ಎತ್ತುತ್ತದೆ, ಆದರೆ ಗೋಡೆಯ ತೂಕ ಸುಮಾರು 25 ಟನ್ ಮಾತ್ರ. ಒಳಗಿನ ನೀರು ತಳದ ತಗಡನ್ನು ಒತ್ತುತ್ತದೆಯೇ ಹೊರತು, ಅಂಚಿನ ಸ್ವಲ್ಪ ಭಾಗವನ್ನು ಬಿಟ್ಟರೆ, ಗೋಡೆಯನ್ನು ಹಿಡಿದಿಡುವುದಿಲ್ಲ; ಆ ಎಳೆತವನ್ನು ಆಂಕರ್ ಬೋಲ್ಟುಗಳು ಅಡಿಪಾಯಕ್ಕೆ ತಲುಪಿಸಬೇಕು. ಟ್ಯಾಂಕನ್ನು ವೇಗವಾಗಿ ಬರಿದು ಮಾಡುವಾಗ ಒಳಗೆ ನಿರ್ವಾತ ಉಂಟಾದರೆ ಇಷ್ಟು ತೆಳುವಾದ ಗೋಡೆ ಒಳಕ್ಕೆ ಕುಸಿಯಬಹುದಾದ್ದರಿಂದ, ಹೊರಗಿನ ಗಾಳಿಯನ್ನು ಒಳಕ್ಕೆ ಬಿಡುವ ನಿರ್ವಾತ ವಾಲ್ವಿನ ಗಾತ್ರವನ್ನು ಪಂಪಿನ ಗರಿಷ್ಠ ಹರಿವಿಗೆ ತಕ್ಕಂತೆ ನಿರ್ಧರಿಸಬೇಕು.